ತೊಟ್ಟಿಯಲ್ಲಿ ಬಾಡಿಸಿದ ಪಿಟೀಲುಗಳು

ಸಂಗೀತವು ಮನುಷ್ಯನನ್ನು ಎತ್ತರಕ್ಕೆ ಒಯ್ಯುತ್ತದೆಂದು ಬಲ್ಲವರು ಹೇಳುತ್ತಾರೆ. ನೀಲಗಿರಿ ಬೆಟ್ಟದ ಎಮರಾಲ್ಡ್ ಊರಿನವರಾದ ನಾವು ಹುಟ್ಟಿದ್ದೇ ಸಾಕಷ್ಟು ಎತ್ತರದಲ್ಲಿ. ನಮ್ಮ ಕಷ್ಟವೆಲ್ಲ ತೇವದ್ದು. ಹಟ್ಟಿಯ ಮಕ್ಕಳ ವಾದ್ಯವೃಂದಕ್ಕೆ ಯಾರೋ ದಾನ ಕೊಟ್ಟಿದ್ದ ಪಿಟೀಲುಗಳು ಮಂಜಿಗೆ ಊದಿಕೊಂಡು, ಬಿರಡೆ ತಿರುಗದೆ ಕೂತವು. ಮರುದಿನವೇ ಊಟಿಯಲ್ಲಿ ಮಕ್ಕಳ ಮೊದಲ ಕಛೇರಿ.

ಸ್ವಯಂಸೇವಕರಾದ ನಾವೆಲ್ಲ ಟೀ ಬೆಳೆಗಾರರು. ತೇವಕ್ಕೆ ನಮಗೆ ಗೊತ್ತಿದ್ದ ಮದ್ದು ಒಂದೇ. ನಮ್ಮಲ್ಲಿ ಹಿರಿಯರೊಬ್ಬರು ಪಿಟೀಲುಗಳನ್ನು ಫ್ಯಾಕ್ಟರಿಗೆ ಒಯ್ದು, ಎಲೆ ಬಾಡಿಸುವ ತೊಟ್ಟಿಯಲ್ಲಿ ಸಾಲಾಗಿ ಮಲಗಿಸಿ, ರಾತ್ರಿಯಿಡೀ ಬಿಸಿಗಾಳಿ ಬಿಡಿಸಿದರು. ನಾವು ಗಂಭೀರವಾಗಿ ತಲೆಯಾಡಿಸಿ ಒಪ್ಪಿದ್ದೆವು.

ಬೆಳಿಗ್ಗೆ ನೋಡಿದರೆ ಅಂಟೆಲ್ಲ ಬಿಟ್ಟು, ಕುತ್ತಿಗೆಗಳೇ ಬೇರೆ, ಒಡಲುಗಳೇ ಬೇರೆ.

"ಎಲೆಯಾಗಿದ್ದರೆ ಒಳ್ಳೇ ಹದ," ಎಂದರು ಹಿರಿಯರು, ಯಾರ ಮುಖವನ್ನೂ ನೋಡದೆ.

ಕಛೇರಿಗೆಂದು ಹೊಸ ಲಂಗ ಉಟ್ಟು ಬಂದಿದ್ದ ಹುಡುಗಿಯೊಬ್ಬಳು ತೊಟ್ಟಿಯೊಳಗೆ ಬಗ್ಗಿ ನೋಡಿದಳು.

"ತಾತಾ, ಇದರಲ್ಲಿ ನಂದು ಯಾವುದು?"

ಅವರು ಬಹಳ ಹೊತ್ತು ಹುಡುಕಿ, ಒಂದು ಕುತ್ತಿಗೆ, ಒಂದು ಒಡಲು ಆರಿಸಿ ಅವಳ ಕೈಗಿಟ್ಟರು. ಅವು ಒಂದಕ್ಕೊಂದು ಕೂಡಲಿಲ್ಲ.

ನಾವು ಬರುವುದಿಲ್ಲವೆಂದು ಊಟಿಗೆ ಫೋನ್ ಮಾಡಿ ತಿಳಿಸಿದೆವು. ಬೇರೆ ಪಿಟೀಲುಗಳು ಸಿಗಲಿಲ್ಲ. ವಾದ್ಯವೃಂದ ಮತ್ತೆ ಸೇರಲಿಲ್ಲ.