ಲೈಬ್ರರಿ ಸರ್ ನೀರಿಗಿಳಿದ ದಿನ

ಅವರ ಗಂಟಲಮಣಿ ಬಹಳ ದೊಡ್ಡದು. ಮಾತಾಡುವಾಗ ಅದು ಮೇಲೆ ಕೆಳಗೆ ಜಿಗಿಯುತ್ತಿತ್ತು, ಆದರೆ ಹೊರಬರುತ್ತಿದ್ದುದು ಬರೀ ಪಿಸುಮಾತು. ಇಳಕಲ್ಲಿನ ಗ್ರಂಥಾಲಯದಲ್ಲಿ ವರ್ಷಗಟ್ಟಲೆ ಕೂತು ಕೂತು, ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ಅವರು ಪಿಸುಗುಟ್ಟುತ್ತಿದ್ದರು. ನಾವೆಲ್ಲ ಅವರನ್ನು ಲೈಬ್ರರಿ ಸರ್ ಎನ್ನುತ್ತಿದ್ದೆವು.

ಎಪ್ಪತ್ತರ ದಶಕದ ಕೊನೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ಮನೆಯಲ್ಲಿ ಅಪ್ಪ ಒಬ್ಬನೇ. ಜೀವಮಾನವಿಡೀ ಸೀರೆ ನೇಯ್ದ ಅಪ್ಪನಿಗೆ ಮರೆವು ಹತ್ತಿತ್ತು. ಎರಡು ಸಲ ದಾರಿ ತಪ್ಪಿ ಹೋಗಿದ್ದ. ಮೂರನೆಯ ಸಲ ಸಿಗಲಿಕ್ಕಿಲ್ಲ ಎಂಬ ಭಯಕ್ಕೆ ನಾನು ಹೊರಗಿನಿಂದ ಕೀಲಿ ಹಾಕಿ ಶಾಲೆಗೆ ಹೋಗುತ್ತಿದ್ದೆ. ಪಾಠ ಹೇಳುವಾಗಲೆಲ್ಲ ಕಿವಿಯಲ್ಲಿ ಬಾಗಿಲು ಬಡಿಯುವ ಸದ್ದು.

ಆ ಬಡಿತವನ್ನು ಒಮ್ಮೆ ನಮ್ಮ ಓಣಿಯಲ್ಲಿ ಹಾಯುವಾಗ ಸರ್ ನಿಜವಾಗಿಯೇ ಕೇಳಿಸಿಕೊಂಡರು. ನೇರ ಶಾಲೆಗೆ ಬಂದು, "ಅಕ್ಕಾರ, ಗುರುವಾರ ಮಧ್ಯಾಹ್ನ ಅಪ್ಪಾರನ್ನ ನನ್ನ ಹಂತೇಕ ಬಿಡ್ರಿ" ಎಂದರು.

ಗುರುವಾರ ಅವರು ಪತ್ರಿಕೆ ಓದುವ ಮೇಜುಗಳನ್ನು ಗೋಡೆಗೆ ಸರಿಸಿ ಹತ್ತು ಹನ್ನೆರಡು ಮುದುಕ ಮುದುಕಿಯರನ್ನು ಕೂರಿಸುತ್ತಿದ್ದರು. ನೇಕಾರರ ಸಂಘ ಉಳಿದ ನೂಲು ಕೊಡುತ್ತಿತ್ತು, ಮಠದಿಂದ ಚುರಮುರಿ ಬರುತ್ತಿತ್ತು, ನಮ್ಮ ಶಾಲೆಯ ಚಿತ್ರಕಲೆ ಮಾಸ್ತರರು ಬಣ್ಣ ತರುತ್ತಿದ್ದರು. ಕೆಲವರು ಕಸೂತಿ ಹಾಕುತ್ತಿದ್ದರು, ಕೆಲವರು ಚಿತ್ರ ಬರೆಯುತ್ತಿದ್ದರು. ನನ್ನ ಹೆಸರು ಮರೆತ ಅಪ್ಪ ಸೀರೆಯ ಸೆರಗಿನ ತೆನೆ ವಿನ್ಯಾಸಗಳನ್ನು ಒಂದೂ ತಪ್ಪದೆ ಬರೆಯುತ್ತಿದ್ದ.

ಒಮ್ಮೆ ಎಲ್ಲರನ್ನೂ ಹೊಳೆಯ ಚಿತ್ರ ಬರೆಸಲು ಕೂಡಲಸಂಗಮಕ್ಕೆ ಕರೆದೊಯ್ದರು. ನಾನೂ ಹೋದೆ. ಬುತ್ತಿ ಬಿಚ್ಚಿ ರೊಟ್ಟಿ ಬಡಿಸಿ ತಿರುಗಿ ನೋಡಿದರೆ ಅಪ್ಪನ ಜಾಗ ಖಾಲಿ. ನೀರಿಗೆ ತಾಗಿದ ಮೆಟ್ಟಿಲ ಮೇಲೆ ಅವನ ಚಪ್ಪಲಿಗಳಿದ್ದವು.

ಸರ್‌ಗೆ ಈಜು ಬಾರದು. ಆದರೂ ಉಟ್ಟ ಧೋತರದಲ್ಲೇ ಎದೆಮಟ್ಟ ನೀರಿಗಿಳಿದು, ಕೈಯಿಂದ ತಡಕಾಡುತ್ತ ಅಪ್ಪನ ಹೆಸರು ಹಿಡಿದು ಕೂಗಿದರು. ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಒಡೆದು ಹೋದ ದನಿ. ಅಂಬಿಗನೊಬ್ಬ ಕೋಲು ಹಾಕಿ ತಳ ತಿವಿಯುತ್ತಿದ್ದ. ಕೋಲು ಏನಕ್ಕೋ ತಾಗಿ ನಿಂತಾಗಲೆಲ್ಲ ನಾನು ಕಣ್ಣು ಮುಚ್ಚುತ್ತಿದ್ದೆ. ಕೊನೆಗೆ ಎಲ್ಲರೆದುರು ಸರ್‌ಗೆ ಅಂದುಬಿಟ್ಟೆ, "ನಮ್ಮಪ್ಪನ್ನ ಕೊಂದ್ರಿ ನೀವು." ಅವರು ಇನ್ನೊಂದು ಹೆಜ್ಜೆ ಆಳಕ್ಕೆ ಹೋದರು.

ಅಪ್ಪ ಸಿಕ್ಕಿದ್ದು ಗುಡಿಯ ಹಿಂದಿನ ಅಂಗಡಿಸಾಲಿನಲ್ಲಿ. ಕಾಲು ತೊಳೆದವನು ಚಪ್ಪಲಿ ಮರೆತು ಅತ್ತ ನಡೆದಿದ್ದ. ಯಾತ್ರೆಗೆ ಬಂದ ಯಾರೋ ಮುದುಕಿಯ ಸೆರಗು ಹಿಡಿದು, "ಇಲ್ಲೊಂದು ಎಳಿ ತಪ್ಪೇತಿ ನೋಡವಾ" ಎನ್ನುತ್ತಿದ್ದ. ಆಕೆ ಸುಮ್ಮನೆ ಸೆರಗು ಬಿಟ್ಟುಕೊಟ್ಟು ಕೂತಿದ್ದಳು.

ಇನ್ನು ಗುರುವಾರವೂ ಕೀಲಿಯೇ ಎಂದುಕೊಂಡೆ. ಗುರುವಾರ ಬೆಳಿಗ್ಗೆ ಸರ್ ಬಾಗಿಲಿಗೆ ಬಂದರು.

"ನನಗೂ ಭಾಳ ಅಂಜಿಕಿ ಐತ್ರಿ ಅಕ್ಕಾರ. ನಿದ್ದಿ ಹತ್ತವಲ್ದು. ಆದ್ರ ಅಂಜಿಕೋತನ ಕರಕೊಂಡ ಹೋಗ್ತೇನಿ, ಕಳಸ್ರಿ."

ಕಳಿಸಿದೆ. ಆಮೇಲೂ ಪ್ರತಿ ಗುರುವಾರ ಶಾಲೆ ಬಿಟ್ಟೊಡನೆ ಬಾಗಿಲಲ್ಲಿ ನಿಂತು ದಾರಿ ಕಾಯುತ್ತಿದ್ದೆ. ಸರ್ ಅಪ್ಪನ ಮಣಿಕಟ್ಟು ಹಿಡಿದುಕೊಂಡೇ ಓಣಿಯಲ್ಲಿ ಬರುತ್ತಿದ್ದರು. ಹೀಗೆ ಎರಡು ವರ್ಷ, ಅಪ್ಪ ಕಣ್ಣು ಮುಚ್ಚಿದ ವಾರದವರೆಗೂ.

ಮುಂದೆ ಸರ್‌ಗೆ ಬಾಗಲಕೋಟೆಗೆ ವರ್ಗವಾಯಿತು. ಕೆಲವು ವರ್ಷಗಳ ನಂತರ ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ದಿನಕರ್ಮಗಳೂ ಮುಗಿದಿದ್ದವು. ಹೊಳೆಯ ದಂಡೆಯಲ್ಲಿ ನಾನಂದ ಮಾತನ್ನು ಅವರು ಎಂದೂ ಎತ್ತಲಿಲ್ಲ. ತಪ್ಪಾಯ್ತು ಎನ್ನಲು ನನಗೆ ನೂರು ಗುರುವಾರ ಸಿಕ್ಕಿದ್ದವು. ಪ್ರತಿ ಸಲವೂ, ಚಹಾ ಕುಡಿದು ಹೋಗ್ರಿ ಎಂದಷ್ಟೇ ಅಂದೆ.