ಮ್ಯಾನೇಜರಿಗೆ ಐದೇ ಉತ್ತರ

ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ. ನಾನು ಹುಟ್ಟಿದಾಗಿನಿಂದ ಒಂದು ಫುಟ್‌ಬಾಲನ್ನೂ ಒದ್ದವಳಲ್ಲ. ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ, ಎರಡು ಅಂತಸ್ತು ಹತ್ತಿದರೆ ಮೂರು ಸಲ ನಿಲ್ಲುವ ನಲವತ್ತೇಳರ ಹೆಂಗಸು. ಆದರೂ ಮೂರು ವರ್ಷದಿಂದ ಇಂಗ್ಲೆಂಡಿನ ಒಂದು ಫುಟ್‌ಬಾಲ್ ಕ್ಲಬ್ಬಿಗೆ ನಾನೇ ಮ್ಯಾನೇಜರು. ಕಂಪ್ಯೂಟರಿನಲ್ಲಿ, ಅಷ್ಟೇ.

ಈ ಆಟವನ್ನು ಮನೆಗೆ ತಂದವರು ನಮ್ಮ ಯಜಮಾನರು. ಫುಟ್‌ಬಾಲ್ ಎಂದರೆ ಗುಂಡಿ ಒತ್ತಿ ಗೋಲು ಹೊಡೆಯುವುದು ಎಂದುಕೊಂಡಿದ್ದರು. ಮೂರನೆಯ ದಿನ "ಇದರಾಗ ನಾವು ಓಡೂದs ಇಲ್ಲ, ಬರೇ ಯಾದಿ ಬರಿಯೂದು" ಎಂದು ಎದ್ದುಹೋದರು. ಇಪ್ಪತ್ತು ವರ್ಷ ಹಾಜರಿ ಪುಸ್ತಕ ತುಂಬಿದ ನನಗೆ ಯಾದಿ ಬರೆಯುವುದಕ್ಕಿಂತ ಸುಖವಾದ ಕೆಲಸ ಇನ್ನೊಂದಿಲ್ಲ. ಅವರು ಬಿಟ್ಟ ಕುರ್ಚಿಯಲ್ಲಿ ಕೂತವಳು ಭಾನುವಾರ ಮಧ್ಯಾಹ್ನಗಳಲ್ಲಿ ಇಂದಿಗೂ ಎದ್ದಿಲ್ಲ.

ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಯಾದಿಯಲ್ಲ, ಮಾತು. ಈ ಆಟದಲ್ಲಿ ಆಟಗಾರರು ಆಗಾಗ ಮ್ಯಾನೇಜರ ಖೋಲಿಗೆ ಬರುತ್ತಾರೆ. ನನ್ನನ್ನು ಆಡಿಸುತ್ತಿಲ್ಲ, ಬೇಜಾರಾಗಿದೆ ಎನ್ನುತ್ತಾರೆ. ಕೆಳಗೆ ನನಗಾಗಿ ಐದು ಉತ್ತರಗಳು ಬರೆದಿಟ್ಟಿರುತ್ತವೆ. ಸಮಾಧಾನ ಹೇಳುವುದು, ಗದರಿಸುವುದು, ಮುಂದಿನ ಪಂದ್ಯದಲ್ಲಿ ಆಡಿಸುತ್ತೇನೆಂದು ಮಾತು ಕೊಡುವುದು, ಹೀಗೆ. ಒಂದನ್ನು ಒತ್ತಿದರೆ ಆತನೂ ತನಗೆ ಬರೆದಿಟ್ಟ ಒಂದು ಮಾತು ಹೇಳಿ ಹೋಗುತ್ತಾನೆ. ಖುಷಿಯಾದರೆ ಹೆಸರಿನ ಪಕ್ಕ ಹಸಿರು ಗುರುತು, ಸಿಟ್ಟಾದರೆ ಕೆಂಪು. ಒಮ್ಮೆ ಒಬ್ಬನಿಗೆ ನೀನು ಅಭ್ಯಾಸ ಚೆನ್ನಾಗಿ ಮಾಡಿದೆ ಎಂದೆ. ಹೊಗಳುವ ಅಗತ್ಯವೇನಿತ್ತು ಎಂದು ಕೇಳಿ ವಾರವಿಡೀ ಮುಖ ಊದಿಸಿಕೊಂಡ. ಇನ್ನೊಮ್ಮೆ ಒಂದೇ ದಿನ ಇಬ್ಬರಿಗೆ ಒಂದೇ ಮಾತು ಹೇಳಿದೆ. ಇಬ್ಬರೂ ಅಲ್ಪವಿರಾಮ ಸಮೇತ ಒಂದೇ ಉತ್ತರ ಕೊಟ್ಟರು, ಪರೀಕ್ಷೆಯಲ್ಲಿ ಹಿಂದೆ ಮುಂದೆ ಕೂತವರ ಹಾಗೆ.

ಇದೆಂಥ ಮಾತುಕತೆ ಎಂದು ನಾನು ನಗುತ್ತಿದ್ದೆ. ಮನುಷ್ಯರು ಹೀಗೆಲ್ಲಿ ಮಾತಾಡುತ್ತಾರೆ? ಮಾತಿನ ಧಾಟಿ ಶಾಂತವಾಗಿರಲೋ ಖಡಕ್ಕಾಗಿರಲೋ ಎಂದೂ ಆ ಆಟ ಕೇಳುತ್ತದೆ. ನಮ್ಮ ಕಡೆ ಅದನ್ನು ಕೇಳುವ ಪ್ರಮೇಯವೇ ಇಲ್ಲ. ಧಾಟಿಯೆಲ್ಲ ಮಾತಿನ ಕೊನೆಯ 'ರಿ'ಯಲ್ಲಿರುತ್ತದೆ. ದಕ್ಷಿಣದವರು ಅದನ್ನು ಮರ್ಯಾದೆಯ ಗುರುತು ಎಂದುಕೊಂಡಿದ್ದಾರೆ. ಮರ್ಯಾದೆ ಹೌದು, ಆದರೆ ಸಿಟ್ಟು ಏರಿದಷ್ಟೂ ರಿ ಹೆಚ್ಚುತ್ತದೆ. ಯಜಮಾನರು ನನಗೆ "ಊಟಕ್ಕ ನೀಡ್ತೀ?" ಎಂದರೆ ಮನೆಯಲ್ಲಿ ಎಲ್ಲವೂ ಸುರಳೀತ. "ಊಟಕ್ಕ ನೀಡ್ತೀರೇನ್ರಿ?" ಎಂದರೆ ನಾನು ಮಾಡಿದ ತಪ್ಪನ್ನು ಹುಡುಕಲು ಶುರುಮಾಡಬೇಕು. ಈ ಸೂಕ್ಷ್ಮವನ್ನು ಯಾವ ಕಂಪ್ಯೂಟರು ಕಲಿತೀತು ಎಂಬುದು ನನ್ನ ಹೆಮ್ಮೆಯಾಗಿತ್ತು.

ಆ ಹೆಮ್ಮೆ ಇಳಿದದ್ದು ನಾನು ನಿಜವಾಗಿಯೂ ಮ್ಯಾನೇಜರಾದಾಗ.

ನಮ್ಮ ತಾಲ್ಲೂಕಿನ ಶಿಕ್ಷಕಿಯರದ್ದೊಂದು ಥ್ರೋಬಾಲ್ ತಂಡವಿದೆ. ವರ್ಷಕ್ಕೊಮ್ಮೆ ಸರ್ಕಾರಿ ನೌಕರರ ಕ್ರೀಡಾಕೂಟದಲ್ಲಿ ಆಡುತ್ತದೆ. ಈ ಸಲ ಕೂಟ ಇಂಡಿಯಲ್ಲಿತ್ತು. ತಂಡಕ್ಕೊಬ್ಬರು ಮ್ಯಾನೇಜರು ಬೇಕೆಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಅಕ್ಷರ ದುಂಡಗಿದೆ, ಯಾದಿ ಚೆಂದ ಬರೆಯುತ್ತೇನೆ ಎಂಬುದೇ ಅರ್ಹತೆ. ನನ್ನ ಇಂಗ್ಲೆಂಡಿನ ಅನುಭವ ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ತಂಡದ ಹಿರಿಯರು ಕಾಶಿಬಾಯಿ ಅಕ್ಕಾರು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕಾರ ಎಂದೇ ಕರೆಯುವುದು. ಇಂಗಳೇಶ್ವರದ ಶಾಲೆಯಲ್ಲಿ ಕಲಿಸುತ್ತಾರೆ, ಐವತ್ತಾರು ದಾಟಿದೆ. ಹದಿನೈದು ವರ್ಷ ತಂಡದ ಏಳು ಜನರಲ್ಲಿ ಮೊದಲ ಹೆಸರು ಅವರದು. ಅವರು ಎಸೆದ ಚೆಂಡು ಹಿಡಿಯಲು ಹೋಗಿ ಎದುರಿನವರು ಬಳೆ ಒಡೆದುಕೊಂಡದ್ದನ್ನು ನಾನೇ ನೋಡಿದ್ದೇನೆ. ಆದರೆ ಥ್ರೋಬಾಲಿನಲ್ಲಿ ಚೆಂಡನ್ನು ಭುಜದ ಮೇಲಿನಿಂದಲೇ ಎಸೆಯಬೇಕು, ಮತ್ತು ಈ ವರ್ಷ ಅಕ್ಕಾರ ಬಲ ಭುಜ ಮೇಲೇಳುತ್ತಿರಲಿಲ್ಲ. ಅಭ್ಯಾಸದಲ್ಲಿ ಎಲ್ಲರೂ ಅದನ್ನು ನೋಡಿಯೂ ನೋಡದಂತಿದ್ದೆವು. ಅದೇ ಹೊತ್ತಿಗೆ ಮುದ್ದೇಬಿಹಾಳದಿಂದ ವರ್ಗವಾಗಿ ರೇಣುಕಾ ಎಂಬ ಎಳೆಯ ಶಿಕ್ಷಕಿ ಬಂದಿದ್ದಳು. ಆಕೆ ಎಸೆದರೆ ಚೆಂಡು ಸಿಳ್ಳೆ ಹಾಕುತ್ತ ಹೋಗುತ್ತಿತ್ತು.

ಕಾಶಿಬಾಯಿ ಅಕ್ಕಾರನ್ನು ಹೊರಗೆ ಕೂರಿಸಬೇಕು, ಅದನ್ನು ಅವರಿಗೆ ಹೇಳಬೇಕು. ಹೇಳುವವರು ಮ್ಯಾನೇಜರು. ಕಂಪ್ಯೂಟರಿನಲ್ಲಿ ನಾನು ಇಂಥ ಎಷ್ಟೋ ಹಿರಿಯರನ್ನು ಹೊರಗೆ ಕೂರಿಸಿದ್ದೆ. ಅದೇ ಧೈರ್ಯದ ಮೇಲೆ ಅಭ್ಯಾಸ ಮುಗಿದ ಮೇಲೆ ಅವರನ್ನು ನಮ್ಮ ಶಾಲೆಯ ವಿಜ್ಞಾನದ ಖೋಲಿಗೆ ಕರೆದೆ. ಧಾಟಿ ಶಾಂತವಾಗಿರಲಿ ಎಂದುಕೊಂಡೆ.

"ನಿಮ್ಮ ಅನುಭವ ನಮ್ಮ ತಂಡಕ್ಕ ಭಾಳ ಬೇಕ್ರಿ ಅಕ್ಕಾರ," ಎಂದೆ. ಇದು ಆಟದ ಎರಡನೆಯ ಉತ್ತರ.

ಅಕ್ಕಾರು ಚಪ್ಪಲಿಗೆ ಅಂಟಿದ ಕೆಸರು ನೋಡುತ್ತ ಕೇಳಿದರು. "ನನ್ನ ತಗದ್ರೇನ್ರಿ?"

ಕಂಪ್ಯೂಟರಿನ ಯಾವ ಆಟಗಾರನೂ ಮೂರು ವರ್ಷದಲ್ಲಿ ಇಷ್ಟು ನೇರ ಕೇಳಿರಲಿಲ್ಲ. ಹೌದು ಎನ್ನುವುದಕ್ಕೆ ಒಂದೇ ಶಬ್ದ ಸಾಕಿತ್ತು. ನಾನು ಒಂದು ಪ್ಯಾರಾ ಮಾತಾಡಿದೆ.

"ಹಂಗೇನಿಲ್ರಿ. ಹೊಸಾಕಿ ಅದಾಳ, ಮೊದಲನೇ ಸೆಟ್ ಆಡ್ಲಿ. ಎರಡನೇದ್ರಾಗ ನಿಮ್ಮನ್ನ ಇಳಸ್ತೇನಿ."

"ಖರೇನ್ರಿ?"

"ಖರೇರಿ."

"ಆತ್ರಿ, ನೀವು ಹೇಳಿದಂಗರಿ," ಎಂದು ಎದ್ದರು. ಒಂದು ಸಣ್ಣ ವಾಕ್ಯದಲ್ಲಿ ಎರಡು ರಿ. ನಾನು ಅದನ್ನು ಎಣಿಸಿದೆ, ಆದರೆ ಎಣಿಸದವಳ ಹಾಗೆ ಕಿಟಕಿ ಮುಚ್ಚುತ್ತ ನಿಂತೆ.

ಕೂಟದ ದಿನ ಬೆಳಿಗ್ಗೆ ಬಾಡಿಗೆಯ ಕ್ರೂಸರ್ ಗಾಡಿಯಲ್ಲಿ ಹೊರಟೆವು. ಕಾಶಿಬಾಯಿ ಅಕ್ಕಾರು ಶೇಂಗಾ ಹೋಳಿಗೆ ಮಾಡಿ ತಂದಿದ್ದರು. ವಿಜಯಪುರ ದಾಟಿದ ಮೇಲೆ ಡಬ್ಬಿ ತೆರೆದರು. ಅದು ನನ್ನ ಮುಂದಿನ ಸೀಟಿಗೆ ಬಂತು, ಹಿಂದಿನ ಸೀಟಿಗೂ ಹೋಯಿತು, ಡ್ರೈವರಿಗೂ ಎರಡು ಹೋಳಿಗೆ ಸಂದವು. ನನ್ನ ಸೀಟಿಗೆ ಮಾತ್ರ ಬರಲಿಲ್ಲ. ಎಲ್ಲರೂ ಹೊರಗಿನ ತೊಗರಿ ಹೊಲ ನೋಡುತ್ತ ತಿಂದರು. ಆಟದ ಕೆಂಪು ಗುರುತಾದರೆ ಒಂದು ಚುಕ್ಕೆ, ಕಣ್ಣಿಗೆ ಮಾತ್ರ ಕಾಣುತ್ತದೆ. ಇದಕ್ಕೆ ತುಪ್ಪದ ವಾಸನೆಯೂ ಇತ್ತು. ಮಾತು ಕೊಟ್ಟ ಮೇಲೂ ಈ ಸಿಟ್ಟೇಕೆ ಎಂದು ಇಂಡಿ ಬರುವವರೆಗೂ ಯೋಚಿಸಿದೆ. ಮಾತಿನ ಮೇಲೆ ನಂಬಿಕೆ ಬಂದಿಲ್ಲ, ಉಳಿಸಿಕೊಂಡು ತೋರಿಸಿದರೆ ಸರಿಹೋಗುತ್ತಾರೆ ಎಂದು ತೀರ್ಮಾನಿಸಿದೆ.

ನಮ್ಮ ಪಂದ್ಯ ಸಿಂದಗಿಯವರ ಜೊತೆ. ಮೂರು ಸೆಟ್ಟಿನಲ್ಲಿ ಎರಡು ಗೆದ್ದವರು ಮುಂದಕ್ಕೆ. ಮೊದಲನೆಯದನ್ನು ರೇಣುಕಾಳ ಕೈಯಿಂದ ಸುಲಭವಾಗಿ ಗೆದ್ದೆವು. ಎರಡನೆಯದರಲ್ಲೂ ಹನ್ನೆರಡು ಹತ್ತರಿಂದ ಮುಂದಿದ್ದೆವು, ಹದಿನೈದಾದರೆ ಮುಗಿಯಿತು. ಕಾಶಿಬಾಯಿ ಅಕ್ಕಾರು ಬೆಂಚಿನ ತುದಿಯಲ್ಲಿ ಸೆರಗು ಬಿಗಿದು ಕೂತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ. ನೋಡದಿರುವುದು ನನಗೆ ಬೆನ್ನಿನಲ್ಲೂ ಕಾಣುತ್ತಿತ್ತು. ಕೊಟ್ಟ ಮಾತು ಮುರಿದ ಮ್ಯಾನೇಜರ ಗತಿ ಏನಾಗುತ್ತದೆಂದು ನನ್ನ ಇಂಗ್ಲೆಂಡಿನ ಕ್ಲಬ್ಬಿನಲ್ಲಿ ನೋಡಿದವಳು. ಕೈ ಎತ್ತಿ, ರೇಣುಕಾಳನ್ನು ಹೊರಗೆ ಕರೆದು, ಅಕ್ಕಾರನ್ನು ಇಳಿಸಿದೆ.

ಮೊದಲ ಚೆಂಡನ್ನು ಅವರು ಚೆನ್ನಾಗಿಯೇ ಹಿಡಿದರು. ಎಸೆದದ್ದು ಬಲೆಗೆ ಬಡಿಯಿತು. ಎರಡನೆಯದೂ ಬಲೆಗೇ. ಮೂರನೆಯದನ್ನು ಕೈ ಮೇಲೆತ್ತಲಾಗದೆ ಎದೆಯ ಮಟ್ಟದಿಂದಲೇ ನೂಕಿದರು, ಅಂಪೈರು ಸೀಟಿ ಊದಿದರು. ಸಿಂದಗಿಯವರಿಗೆ ಎಲ್ಲಿ ಎಸೆಯಬೇಕೆಂದು ತಿಳಿದುಹೋಯಿತು. ಸೆಟ್ ಹೋಯಿತು. ಮೂರನೆಯದಕ್ಕೆ ಯಾರೂ ಹೇಳದೆಯೇ ಅಕ್ಕಾರು ಹೊರಬಂದು "ನೀ ಹೋಗವಾ" ಎಂದು ರೇಣುಕಾಳ ಬೆನ್ನು ತಟ್ಟಿದರು. ನಾವು ಬಹಳ ಹೋರಾಡಿದೆವು. ಸಿಂದಗಿಯವರು ಸ್ವಲ್ಪ ಹೆಚ್ಚು ಹೋರಾಡಿದರು.

ಪಂದ್ಯ ಮುಗಿದ ಮೇಲೆ ಅಕ್ಕಾರು ಮೈದಾನದ ಮೂಲೆಯ ನಳದಲ್ಲಿ ಕಾಲು ತೊಳೆಯುತ್ತಿದ್ದರು. ಹತ್ತಿರ ಹೋದೆ. ಸೋತ ದುಃಖದ ನಡುವೆಯೂ ನನ್ನ ಲೆಕ್ಕಕ್ಕೆ ಒಂದು ಹಸಿರು ಗುರುತು ಬರಬೇಕಿದೆ ಎಂಬ ಆಸೆ.

"ನಾ ಮಾತ ಉಳಿಸ್ಕೊಂಡ್ನಿ ಅಕ್ಕಾರ."

"ಅದಕ್ಕs ಸಿಟ್ಟು ಬಂದೈತ್ರಿ," ಎಂದರು.

ಅವರು ನಳ ಬಂದ್ ಮಾಡಿ ಎಡಗೈಯಿಂದ ಬಲ ಭುಜ ಹಿಡಿದುಕೊಂಡರು.

"ನನ್ನ ಜಡಿ ನಾ ಹಾಕ್ಕೊಂಡು ಎಂಟ ತಿಂಗಳಾತು. ಸೊಸಿ ಹಾಕ್ತಾಳ. ಅವತ್ತ ಖೋಲ್ಯಾಗ ನೀವು 'ಅಕ್ಕಾರ, ಭುಜ ಹೆಂಗೈತಿ' ಅಂತ ಒಂದ ಮಾತ ಕೇಳಿದ್ರ ನಾನs ಹೇಳ್ತಿದ್ನಿ. ನೀವು ಅನುಭವ, ಅದು, ಇದು ಅಂದ್ರಿ. ಸುಳ್ಳ ಹೇಳಾಕತ್ತಾರ ಅಂತ ತಿಳೀತು."

"ಮತ್ತ ಇವತ್ತ ಯಾಕ ಇಳದ್ರಿ? ಒಲ್ಲೆ ಅನ್ನಬೇಕಿತ್ತಲ್ರಿ."

"ಎಲ್ಲಾರ ಮುಂದ ನೀವು ಕರದ್ರಿ. ನಿಮ್ಮ ಮಾತು ಹೋಗಬಾರದು ಅಂತ ನಾ ಇಳದ್ನಿ. ನನ್ನ ಮನಸ್ಸ ನೋಯಬಾರದು ಅಂತ ನೀವು ಇಳಸಿದ್ರಿ." ಸೆರಗಿನಿಂದ ಕೈ ಒರೆಸಿಕೊಂಡರು. "ನಡುವ ಮ್ಯಾಚ್ ಹೋತು."

ಗಣಿತದವಳು ನಾನು. ಎರಡು ಋಣ ಗುಣಿಸಿದರೆ ಧನ ಎಂದು ಪ್ರತಿ ವರ್ಷ ಕಲಿಸುತ್ತೇನೆ. ಎರಡು ಒಳ್ಳೆಯತನ ಗುಣಿಸಿದರೆ ಒಮ್ಮೊಮ್ಮೆ ಏನು ಬರುತ್ತದೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಕಾಶಿಬಾಯಿ ಅಕ್ಕಾರ ಮುನಿಸು ಹೆಚ್ಚು ದಿನ ಬಾಳುವಂಥದ್ದಲ್ಲ. ತಿಂಗಳೊಪ್ಪತ್ತಿನಲ್ಲಿ ಒಂದು ಭಾನುವಾರ ಸಂತೆ ಮುಗಿಸಿ ನಮ್ಮ ಮನೆಗೇ ಬಂದರು. ನಾನು ಸಿಕ್ಕಿಬಿದ್ದೆ, ಲ್ಯಾಪ್‌ಟಾಪು ತೆರೆದಿತ್ತು. ಇಂಗ್ಲೆಂಡಿನ ವಿಷಯವನ್ನೆಲ್ಲ ಹೇಳಬೇಕಾಯಿತು. ಅವರು ನಗಲಿಲ್ಲ. ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಅಷ್ಟರಲ್ಲಿ ಆಟದೊಳಗಿನ ನನ್ನ ಖೋಲಿಗೆ ಒಬ್ಬ ಆಟಗಾರ ಬಂದ. ಮೂವತ್ತನಾಲ್ಕು ವರ್ಷದವ, ನಾಲ್ಕು ಪಂದ್ಯದಿಂದ ಬೆಂಚಿನ ಮೇಲೆ. ಅವನ ದೂರನ್ನೂ ನನ್ನ ಐದು ಉತ್ತರಗಳನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಯಾವುದು ಒತ್ತಲಿ ಎಂದು ಕೇಳಿದೆ.

ಅಕ್ಕಾರು ಕನ್ನಡಕ ಏರಿಸಿ ಪರದೆಯನ್ನು ಬಹಳ ಹೊತ್ತು ನೋಡಿದರು.

"ಈ ಐದರಾಗ ಅವನ್ನ ಏನರ ಕೇಳೂದು ಒಂದೂ ಇಲ್ಲೇನ್ರಿ? ಎಲ್ಲಾ ಬರೇ ಹೇಳೂದs ಅದಾವಲ್ಲ."

ನಾನು ಮತ್ತೊಮ್ಮೆ ಓದಿದೆ. ಇರಲಿಲ್ಲ. ಮೂರು ವರ್ಷದಲ್ಲಿ ನನಗದು ಹೊಳೆದೂ ಇರಲಿಲ್ಲ.

"ಇಲ್ರಿ," ಎಂದೆ. "ಅದಕ್ಕs ಅನ್ನೂದು ನಾನು, ಇದು ಬರೇ ಸುಳ್ಳ ಆಟ. ಮಂದಿ ಹಿಂಗ ಮಾತಾಡೂದಿಲ್ಲ."

ಕಾಶಿಬಾಯಿ ಅಕ್ಕಾರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಇಲ್ರಿ. ಇದನ್ನ ಮಾಡಿದವ್ರು ನಾವು ಮಾತಾಡೂದನ್ನ ಭಾಳ ಚಲೋ ನೋಡ್ಯಾರ."