ಚಕ್ಕುಲಿ ಡಬ್ಬದ ಸರ್ವೆ

ಅಟ್ಟೂರಿನಲ್ಲಿ ನಲವತ್ತು ಮನೆ ಸುತ್ತಿ ಸರ್ವೆ ಮಾಡಿದೆ. ಮೂವತ್ತಮೂರು ಮನೆಯವರು ನಮ್ಮಕ್ಕನಿಗೇ ಓಟು ಅಂದರು.

ನಮ್ಮ ಪಾರ್ಟಿಗೆ ಈ ಏರಿಯಾದಲ್ಲಿ ಬಾವುಟ ಕಟ್ಟುವುದಕ್ಕೂ ಜನ ಸಿಗುವುದಿಲ್ಲ. ಹಾಗಾಗಿ ಆ ಪೇಪರ್ ಹಿಡಿದು ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ವಿಷಯ ಏನೆಂದರೆ, ಮುಂದಿನ ವಾರ್ಡ್ ಎಲೆಕ್ಷನ್‌ಗೆ ಟಿಕೆಟ್ ಕೇಳಿ ಎಂದು ಪಾರ್ಟಿಯವರು ಮಂಜುಳಕ್ಕನ ಹಿಂದೆ ಬಿದ್ದಿದ್ದರು. ಅಕ್ಕ ನಮ್ಮ ಬೀದಿಯಲ್ಲೇ ಟೈಲರಿಂಗ್ ಕ್ಲಾಸ್ ನಡೆಸುತ್ತಾಳೆ. ಬೀದಿ ದೀಪ, ನೀರು, ಚರಂಡಿ ಅಂತ ವರ್ಷಗಟ್ಟಲೆ ಆಫೀಸುಗಳಿಗೆ ಅಲೆದವಳು.

ನಿಲ್ಲುವ ಆಸೆ ಅವಳಿಗೂ ಇತ್ತು. ಆದರೆ ನಿಂತು ನಗೆಪಾಟಲಾಗುವುದು ಬೇಡ, ಮೊದಲು ಜನರನ್ನು ಕೇಳಿ ಬಾ, ಆಗಲ್ಲ ಅಂತ ಕಂಡರೆ ಈ ಮಾತು ಇಲ್ಲಿಗೇ ಬಿಡೋಣ ಅಂದಿದ್ದಳು.

ಸರಿ, ನಾನು ಹೋದೆ. ಎಲ್ಲವೂ ಚಿಕ್ಕಂದಿನಿಂದ ಓಡಾಡಿದ ಮನೆಗಳೇ. ಕೂರಿಸಿ ಕಾಫಿ ಕೊಟ್ಟರು. "ನಿಮ್ಮಕ್ಕಂಗಲ್ದೆ ಇನ್ಯಾರ್ಗಪ್ಪ ಹಾಕಾನ, ಬರ್ಕೊ" ಅಂದರು. ಬರೆದುಕೊಂಡೆ.

ಅಕ್ಕ ಪೇಪರ್ ನೋಡಿ ಐದನೇ ಹೆಸರಿನ ಮೇಲೆ ಬೆರಳಿಟ್ಟಳು. "ಲೋ, ಇವ್ರು ಎದುರು ಪಾರ್ಟಿ ಬೂತ್ ಏಜೆಂಟ್ ಕಣೋ."

ಹೌದು... ಅವರೂ ನಮಗೇ ಓಟು ಅಂದಿದ್ದರು. ಅದೂ ಎರಡನೇ ಲೋಟ ಕಾಫಿ ಬಗ್ಗಿಸುತ್ತಾ.

"ಮನೆಗೆ ಬಂದ ಊರೋನ್ನ ಎದುರಿಗೆ ಕೂರಿಸ್ಕೊಂಡು ಯಾರಾದ್ರೂ ಇಲ್ಲ ಅಂತಾರೇನೋ?" ಎಂದು ಪೇಪರ್ ಮಡಚಿ ವಾಪಸ್ ಕೊಟ್ಟಳು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

ಮುಂದಿನ ಭಾನುವಾರ ನಾಗಸಂದ್ರದಿಂದ ಆಫೀಸಿನ ಗೆಳೆಯ ಪ್ರಕಾಶನನ್ನು ಕರೆಸಿದೆ. ಅವನನ್ನು ಇಲ್ಲಿ ಯಾರೂ ಕಂಡವರಲ್ಲ.

ಅಮ್ಮನ ಚಕ್ಕುಲಿ ಡಬ್ಬದ ಪ್ಲಾಸ್ಟಿಕ್ ಮುಚ್ಚಳವನ್ನು ಚೀಟಿ ತೂರುವಷ್ಟು ಸೀಳಿದೆವು. ಮಂಜುಳಾ ನಿಂತರೆ ನಿಮ್ಮ ಓಟು ಯಾವ ಪಾರ್ಟಿಗೆ ಎಂದು ಅವನು ಕೇಳಬೇಕು. ಮನೆಗೊಂದು ಚೀಟಿ, ಮೂರು ಪಾರ್ಟಿಯಲ್ಲಿ ಒಂದಕ್ಕೆ ಗುರುತು, ಮಡಚಿ ಒಳಗೆ ಹಾಕುವುದು. ಹೆಸರು ಬರೆಯುವ ಹಾಗಿಲ್ಲ.

ಅದೇ ನಲವತ್ತು ಮನೆ. ಪ್ರಕಾಶನಿಗೆ ಎಲ್ಲೂ ಕಾಫಿ ಸಿಗಲಿಲ್ಲ, ಪಾಪ.

ಮಧ್ಯಾಹ್ನ ಊಟವಾದ ಮೇಲೆ ನಡುಮನೆಯಲ್ಲಿ ಡಬ್ಬ ಸುರಿದು ಎಣಿಸಿದೆವು. ನಮಗೆ ಬಂದದ್ದು ಹನ್ನೊಂದು.

ಮುಗೀತು, ಅಕ್ಕ ಇನ್ನು ನಿಲ್ಲುವುದಿಲ್ಲ ಅಂದುಕೊಂಡೆ.

ಅವಳು ಇನ್ನೊಮ್ಮೆ ಎಣಿಸಿದಳು. ಹೋದ ಸಲ ಇಲ್ಲಿನ ಬೂತಿನಲ್ಲಿ ನಮ್ಮ ಪಾರ್ಟಿ ಪರವಾಗಿ ಕೂತಿದ್ದವಳು ಅವಳೇ. ಆಗ ಈ ನಲವತ್ತರಲ್ಲಿ ಎರಡೋ ಮೂರೋ ಮನೆ ನಮ್ಮ ಕಡೆ ಇದ್ದಿರಬಹುದು ಎಂಬುದು ಅವಳ ಅಂದಾಜು.

"ಈ ಹನ್ನೊಂದು ನಮ್ಮ ಮುಖ ನೋಡಿ ಹಾಕಿದ್ದಲ್ಲ ಕಣೋ" ಅಂದಳು. ಅವಳ ಮುಖ ಅರಳಿತ್ತು. "ಸಾಕು, ನಿಲ್ತೀನಿ."

ಅಷ್ಟರಲ್ಲಿ ಮೂಲೆಯಲ್ಲಿ ಅವರೇಕಾಯಿ ಬಿಡಿಸುತ್ತಿದ್ದ ಅಮ್ಮ ತಲೆ ಎತ್ತದೇ ಅಂದಳು, "ನಂದು ಆ ಹನ್ನೊಂದ್ರಾಗಿಲ್ಲ ಕಣವ್ವ."

ನಮ್ಮ ಮನೆಯೂ ಆ ನಲವತ್ತರಲ್ಲಿ ಸೇರಿತ್ತು. ಮೊದಲ ಸಲ ಅಮ್ಮನನ್ನು ಕೇಳುವ ಗೋಜಿಗೇ ಹೋಗದೆ ನಾನೇ ಟಿಕ್ ಹಾಕಿದ್ದೆ...

ಅಪ್ಪ ಇದ್ದಾಗಿನಿಂದ ಅಮ್ಮ ಒತ್ತುತ್ತಾ ಬಂದಿರುವುದು ಒಂದೇ ಗುರುತು. ಮಗಳು ನಿಲ್ಲುತ್ತಾಳೆಂದು ಕೈ ಬೇರೆ ಕಡೆ ಹೋಗುವುದಿಲ್ಲವಂತೆ.

ಅಕ್ಕ ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡಳು. ಆಮೇಲೆ ಅಮ್ಮನ ಪಕ್ಕ ಕೂತು, ತಾನೂ ನಾಲ್ಕು ಕಾಯಿ ಬಿಡಿಸಿ, ಈ ಸಲ ನನಗೆ ಹಾಕಮ್ಮ ಎಂದು ನಿಜವಾಗಿಯೂ ಕೇಳಿದಳು.

ಅಮ್ಮ ಇನ್ನೊಂದು ಹಿಡಿ ಕಾಯಿ ಅವಳ ಮುಂದಕ್ಕೆ ತಳ್ಳಿ, "ನೋಡಾನ" ಅಂದಳು.

ಅಕ್ಕ ಮರುದಿನವೇ ಟಿಕೆಟ್‌ಗೆ ಅರ್ಜಿ ಕೊಟ್ಟು ಬಂದಿದ್ದಾಳೆ. ನಾನೂ ಖುಷಿಯಾಗಿದ್ದೇನೆ, ಹೊಸ ಸರ್ವೆ ಶೀಟ್ ಹಾಕಿಕೊಂಡು ಕೂತಿದ್ದೇನೆ.

ಅಮ್ಮನ ಆ "ನೋಡಾನ" ಯಾವ ಕಾಲಂಗೆ ಬರುತ್ತೆ, ನೀವೇ ಹೇಳಿ?